ಕರೆಂಟು ಹೋದಾಗ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಕವಲಂದೆ ಕಡೆ ಈಗ ಅಲ್ಲೊಂದು ಇಲ್ಲೊಂದು ಮೀನಿನ ತೊಟ್ಟಿ ಕಾಣಿಸತೊಡಗಿದೆ. ಹೊಂಡ ತೋಡುವಷ್ಟು ಜಾಗ ಇಲ್ಲದವರು ಹಿತ್ತಲಲ್ಲೋ ಬೋರ್‌ವೆಲ್ ಪಕ್ಕದಲ್ಲೋ ಸಿಮೆಂಟು ತೊಟ್ಟಿ ಕಟ್ಟಿ, ಇರುವಷ್ಟು ನೀರನ್ನೇ ಪಂಪಿನಿಂದ ಸುತ್ತಿಸಿ ಗೆಂಡೆ ಮೀನು ಸಾಕುತ್ತಾರೆ. ತೊಟ್ಟಿ ಎಷ್ಟು ದೊಡ್ಡದಿರಬೇಕು, ಮರಿ ಎಲ್ಲಿ ಸಿಗುತ್ತದೆ, ಮೇವು ಯಾವುದು ಅಂತ ಎಲ್ಲರೂ ವಿಚಾರಿಸುತ್ತಾರೆ. ಪೈಪಿನ ವಿಷಯ ಬಂದಾಗ ಮಾತ್ರ "ಅದನ್ನ ಪ್ಲಂಬರ್ ನೋಡ್ಕೋತಾನೆ ಬುಡಿ" ಅಂದುಬಿಡುತ್ತಾರೆ.

ಮೀನು ಉಳಿಯುವುದೂ ಸಾಯುವುದೂ ಬಹುಮಟ್ಟಿಗೆ ಈ ಪೈಪಿನಲ್ಲೇ ತೀರ್ಮಾನವಾಗುತ್ತದೆ. ಮನೆಯ ಕೊಳಾಯಿಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ನೀರು ಸುತ್ತುವ ತೊಟ್ಟಿಯಲ್ಲಿ ಹಾಗಲ್ಲ. ಪಂಪು ಓಡುವಾಗ ಮೇಲಕ್ಕೆ ಹೋದ ನೀರು, ಕರೆಂಟು ಹೋದ ಕೂಡಲೆ ಅದೇ ಪೈಪಿನಲ್ಲಿ ಹಿಂದಕ್ಕೆ ಬರಬಹುದು. ಹಾಗಾಗಿ ಪೈಪು ಜೋಡಿಸುವ ಮೊದಲೇ ಎರಡು ಪ್ರಶ್ನೆ ಹಾಕಿಕೊಳ್ಳಬೇಕು. ಕರೆಂಟು ಹೋದರೆ ಎಷ್ಟು ನೀರು ಕೆಳಗೆ ಬರುತ್ತದೆ? ಕೆಳಗೆ ಬರುವ ದಾರಿ ಕಟ್ಟಿಕೊಂಡರೆ ಎಷ್ಟು ನೀರು ಮೇಲೆ ಹೋಗುತ್ತದೆ? ಎರಡಕ್ಕೂ ಲೀಟರ್ ಲೆಕ್ಕದಲ್ಲಿ ಉತ್ತರ ಗೊತ್ತಿದ್ದರೆ ರಾತ್ರಿ ನೆಮ್ಮದಿಯಾಗಿ ಮಲಗಬಹುದು.

ಕೆರೆಯ ಲೆಕ್ಕವೇ ಇಲ್ಲಿಯೂ

ಕೆರೆ ಕಂಡವರಿಗೆ ಇದು ಹೊಸ ವಿದ್ಯೆ ಏನಲ್ಲ. ಕೆರೆಗೆ ಏರಿ ಉಂಟು, ತೂಬು ಉಂಟು, ಕೋಡಿ ಉಂಟು. ತೂಬು ತಳದ ನೀರನ್ನು ನಮಗೆ ಬೇಕಾದಾಗ ಬಿಡುತ್ತದೆ. ಕೋಡಿ ಯಾರನ್ನೂ ಕೇಳುವುದಿಲ್ಲ. ತನ್ನ ಮಟ್ಟ ಮೀರಿದ್ದನ್ನು ತಾನೇ ಹೊರಹಾಕುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನೀರಿನ ಮಟ್ಟ ಎಷ್ಟೆಂಬುದನ್ನು ತೀರ್ಮಾನಿಸಿದ್ದು ಮಳೆಯಲ್ಲ, ಕೋಡಿ ಕಟ್ಟಿದವನು.

ಮೀನಿನ ತೊಟ್ಟಿಯೂ ಹಾಗೇ ಇರಬೇಕು. ಪಂಪಿನ ವೇಗ ಹೆಚ್ಚು ಕಡಿಮೆ ಮಾಡಿ, ವಾಲ್ವ್ ತಿರುಗಿಸಿ ಮಟ್ಟ ಕಾಯುತ್ತೇನೆ ಎಂದು ಹೊರಟರೆ ದಿನವಿಡೀ ತೊಟ್ಟಿಯ ಬಳಿ ಕಾವಲು ಕೂರಬೇಕಾದೀತು.

ನಮ್ಮಲ್ಲಿರುವ ಏರ್ಪಾಟು ಹೀಗಿದೆ. ಹತ್ತಡಿ ವ್ಯಾಸದ ದುಂಡು ತೊಟ್ಟಿ. ಗೋಡೆ ನಾಲ್ಕೂವರೆ ಅಡಿ, ನಾಲ್ಕಡಿಗೆ ಕೋಡಿ. ಕೋಡಿಯಿಂದ ಬಿದ್ದ ನೀರು ಮೊದಲು ಒಂದು ಡ್ರಮ್ಮಿಗೆ ಬಂದು ಗಸಿ ತಂಗುತ್ತದೆ. ಅಲ್ಲಿಂದ ಸೊಪ್ಪು ಬೆಳೆದ ಜಲ್ಲಿ ಮಡಿಗೆ. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾವನ್ನು ಜಲ್ಲಿಯ ಮೇಲೆ ಬೆಳೆದ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ, ಅದನ್ನು ಸೊಪ್ಪು ಉಣ್ಣುತ್ತದೆ. ಮಡಿಯಿಂದ ಬಸಿದ ನೀರು ಸಾವಿರ ಲೀಟರಿನ ಸಂಪಿಗೆ. ಸಂಪಿನೊಳಗಿನ ಪಂಪು ಅದನ್ನು ತಿರುಗಿ ತೊಟ್ಟಿಗೆ ಎತ್ತುತ್ತದೆ. ಕೆಳಗೆ ಬರುವುದನ್ನು ಕೋಡಿ ಪೈಪು ಎನ್ನೋಣ, ಮೇಲೆ ಹೋಗುವುದನ್ನು ಏರು ಪೈಪು ಎನ್ನೋಣ.

ಈ ಏರ್ಪಾಟಿನ ಒಂದು ಗುಣ ತಿಳಿದಿರಬೇಕು. ಪಂಪು ಓಡುತ್ತಿರುವವರೆಗೆ ಮೀನಿನ ತೊಟ್ಟಿಯ ಮಟ್ಟ ಕಡಿಮೆಯಾಗುವುದೇ ಇಲ್ಲ. ಬೇಸಗೆಯಲ್ಲಿ ಆವಿಯಾಗಿ ಹೋದ ನೀರು, ಎಲ್ಲೋ ಜಿನುಗಿದ ನೀರು, ಎಲ್ಲ ಕಾಣಿಸುವುದು ಸಂಪಿನಲ್ಲಿ. ಆದ್ದರಿಂದ ಬೆಳಗ್ಗೆ ಎದ್ದು ನೋಡಬೇಕಾದ್ದು ಸಂಪನ್ನು. ಹೊಸ ನೀರು ಸೇರಿಸಬೇಕಾದ್ದೂ ಅಲ್ಲಿಗೇ.

ಒಂದು ಇಂಚು ಎಂದರೆ ಎಷ್ಟು ಲೀಟರು?

ಮುಂದಿನದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಚೌಕ ತೊಟ್ಟಿಯಾದರೆ ಉದ್ದದ ಅಡಿಯನ್ನು ಅಗಲದ ಅಡಿಯಿಂದ ಗುಣಿಸಿ, ಬಂದದ್ದನ್ನು 2.36ರಿಂದ ಗುಣಿಸಿ. ದುಂಡು ತೊಟ್ಟಿಯಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಮತ್ತೆ 1.85ರಿಂದ ಗುಣಿಸಿ. ಸಿಕ್ಕಿದ್ದು ಒಂದು ಇಂಚು ಎತ್ತರದ ನೀರಿನ ಲೀಟರು.

ಹತ್ತಡಿ ವ್ಯಾಸಕ್ಕೆ 10 × 10 × 1.85, ಅಂದರೆ 185 ಲೀಟರು. ಬರೀ ಒಂದು ಇಂಚಿಗೆ! ನಾಲ್ಕಡಿ ತುಂಬಿದಾಗ ಸುಮಾರು 8,900 ಲೀಟರು. ಕಣ್ಣಿಗೆ "ಸ್ವಲ್ಪ ನೀರು ಇಳಿದಿದೆ" ಎಂದು ಕಾಣುವುದು ಕೆಳಗಿನ ಸಂಪಿಗೆ ಪ್ರವಾಹ. ಇದನ್ನು ಮೊದಲೇ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಕೋಡಿ ಪೈಪು ಎಷ್ಟು ದಪ್ಪ ಇರಬೇಕು?

ಪಂಪು ನೀರನ್ನು ತಳ್ಳುತ್ತದೆ. ಕೋಡಿಯಲ್ಲಿ ನೀರು ತನ್ನ ಭಾರದಿಂದ ಬೀಳಬೇಕು, ತಳ್ಳುವವರು ಯಾರೂ ಇಲ್ಲ. ಅದಕ್ಕೇ ಮೇಲೆ ಹೋಗಲು ಒಂದಿಂಚಿನ ಪೈಪು ಸಾಕಾದರೆ ಕೆಳಗೆ ಬರಲು ಎರಡಿಂಚಿನದು ಬೇಕು. "ಎರಡೂ ಒಂದಿಂಚು ಹಾಕಿದ್ರೆ ಸಾಮಾನು ಒಂದೇ ಆಯ್ತದೆ" ಅನ್ನುವವರ ಮಾತು ಕೇಳಬೇಡಿ.

ಮೊದಲು ಪಂಪು ನಿಜವಾಗಿ ಎಷ್ಟು ನೀರು ಕೊಡುತ್ತದೆ ಎಂದು ಅಳೆಯಿರಿ. ಡಬ್ಬದ ಮೇಲೆ ಬರೆದಿರುವ ಸಂಖ್ಯೆ ನೀರನ್ನು ಸ್ವಲ್ಪವೂ ಎತ್ತದೆ ಇದ್ದಾಗ ಬರುವ ಪ್ರಮಾಣ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ. ಏರು ಪೈಪಿನ ಬಾಯಿಗೆ 15 ಲೀಟರಿನ ಬಕೆಟ್ಟು ಹಿಡಿದು ಗಡಿಯಾರ ನೋಡಿ. 18 ಸೆಕೆಂಡಿಗೆ ತುಂಬಿದರೆ ಗಂಟೆಗೆ 3,000 ಲೀಟರು. ನಮ್ಮದು ಅಷ್ಟಿದೆ. ಮೂರು ಗಂಟೆಗೊಮ್ಮೆ ತೊಟ್ಟಿಯಷ್ಟು ನೀರು ಸುತ್ತಿ ಬರುತ್ತದೆ.

ಕೋಡಿಯ ಬಾಯಿ ಎಷ್ಟು ಅಗಲವೋ ನೀರು ಅಷ್ಟು ತೆಳ್ಳಗೆ ದಾಟುತ್ತದೆ. ಒಂದಡಿ ಅಗಲದ ಚಪ್ಪಟೆ ಬಾಯಿಯ ಮೇಲೆ ಒಂದು ಸೆಂಟಿಮೀಟರು ಎತ್ತರ ನೀರು ದಾಟಿದರೆ ಗಂಟೆಗೆ ಸುಮಾರು 2,000 ಲೀಟರು. ನೆಟ್ಟಗೆ ನಿಲ್ಲಿಸಿದ ಎರಡಿಂಚಿನ ಪೈಪಿನ ಬಾಯಿಯ ಸುತ್ತಳತೆ ಆರಿಂಚು ಚಿಲ್ಲರೆ. ಅದರಲ್ಲಿ 3,000 ಲೀಟರು ಇಳಿಯಬೇಕಾದರೆ ನೀರು ಬಾಯಿಗಿಂತ ಮುಕ್ಕಾಲು ಇಂಚು ಮೇಲೆ ನಿಲ್ಲುತ್ತದೆ. ಈ ಮುಕ್ಕಾಲು ಇಂಚನ್ನು ನೆನಪಿಡಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

ಕೋಡಿಯಿಂದ ಡ್ರಮ್ಮಿನವರೆಗೆ ಪೈಪು ಎಲ್ಲೂ ಏರಿಳಿಯದೆ ಒಂದೇ ಸಮ ಇಳಿಜಾರಿನಲ್ಲಿರಬೇಕು. ನಾಲ್ಕಡಿಗೆ ಒಂದಿಂಚು ಇಳಿದರೆ ಸಾಕು. ನಡುವೆ ತಗ್ಗು ಬಿದ್ದರೆ ಅಲ್ಲಿ ಗಸಿ ಕೂರುತ್ತದೆ, ಉಬ್ಬಿದರೆ ಗಾಳಿ ಕೂರುತ್ತದೆ. ತಿರುವಿನಲ್ಲಿ ಒಂದು ನೇರ ಎಲ್ಬೋ ಬದಲು ಎರಡು ಅರೆ ಬೆಂಡು ಹಾಕಿ. ಮೀನುಮರಿ ಹೋಗದ ಹಾಗೆ ಜಾಲರಿ ಬೇಕು. ಆದರೆ ಜಾಲರಿಯನ್ನು ಪೈಪಿನ ಬಾಯಿಗೇ ಬಿಗಿದರೆ ಒಂದು ಬೇವಿನ ಎಲೆ ಸಾಕು ಮುಚ್ಚಲು. ಬಾಯಿಗಿಂತ ಎಂಟು ಹತ್ತು ಪಟ್ಟು ದೊಡ್ಡದಾದ ಜಾಲರಿಯ ಬುಟ್ಟಿ ಮಾಡಿ ಸುತ್ತ ನಿಲ್ಲಿಸಿ. ಮಳೆಗಾಲದಲ್ಲಿ ಕಪ್ಪೆಯೂ ಕೋಡಿ ಪೈಪಿಗೆ ಬೀಳುತ್ತದೆ. ಎರಡಿಂಚಿನ ಪೈಪಿಗೆ ಒಂದು ದಪ್ಪ ಕಪ್ಪೆ ಬಿರಡೆ ಇದ್ದ ಹಾಗೆ.

ತಳದ ಗಸಿಗೆ ದಾರಿ

ಕೋಡಿ ಮೇಲಿನ ತಿಳಿನೀರನ್ನು ಕಳಿಸುತ್ತದೆ. ಕೊಳೆ ಇರುವುದು ತಳದಲ್ಲಿ. ಕೋಡಿಯೂ ಬೇಕು, ತೂಬಿನ ಕೆಲಸವೂ ಆಗಬೇಕು. ಇದಕ್ಕೆ ಸುಲಭದ ಉಪಾಯ, ಪೈಪಿನ ಮೇಲೊಂದು ಪೈಪು. ತಳದಿಂದ ನಾಲ್ಕಡಿ ಎತ್ತರಕ್ಕೆ ನಿಂತ ಎರಡಿಂಚಿನ ಕೋಡಿ ಪೈಪಿನ ಸುತ್ತ ನಾಲ್ಕಿಂಚಿನ ಪೈಪನ್ನು ಅಂಗಿಯ ಹಾಗೆ ತೊಡಿಸಿ. ಅದರ ತಲೆ ನೀರಿನಿಂದ ಮೇಲಿರಲಿ, ಬುಡದಲ್ಲಿ ಗರಗಸದಿಂದ ಹಲ್ಲು ಕೊಯ್ದಿರಲಿ. ಈಗ ನೀರು ಒಳಗೆ ಬರಬೇಕಾದರೆ ಬುಡದ ಹಲ್ಲಿನ ಸಂದಿಯಿಂದಲೇ ಬರಬೇಕು. ತಳದ ಗಸಿ ಎಳೆದುಕೊಂಡು ಮೇಲೇರಿ ಕೋಡಿ ದಾಟುತ್ತದೆ. ಮಟ್ಟ ನಿಗದಿ ಮಾಡುವುದು ಮಾತ್ರ ಒಳಗಿನ ಪೈಪಿನ ಬಾಯಿಯೇ. ಬಲೆ ಎಳೆಯುವಾಗ ಒಳಪೈಪು ಅಲುಗಾಡದಂತೆಯೂ ಈ ಅಂಗಿ ಕಾಯುತ್ತದೆ.

ಕೆಲವರು ತಳದ ನಡುವಿನಿಂದ ಪೈಪನ್ನು ನೆಲದಡಿ ಹೊರತಂದು, ಗೋಡೆಯ ಹೊರಗೆ ಮೇಲೇರಿಸಿ, ನಾಲ್ಕಡಿಯಲ್ಲಿ ಬಗ್ಗಿಸಿ ಕೆಳಗಿಳಿಸುತ್ತಾರೆ. ಇದೂ ಸರಿಯೇ. ಆದರೆ ಬಗ್ಗಿದ ಕಡೆ ಎಲ್ಬೋ ಹಾಕಬಾರದು. ಟಿ ಹಾಕಿ, ಅದರ ಮೇಲುಬಾಯನ್ನು ತೆರೆದೇ ಬಿಡಬೇಕು. ಮುಚ್ಚಿದರೆ ಪೈಪು ಪೂರ್ತಿ ತುಂಬಿಕೊಂಡಾಗ ಸೈಫನ್ ಹಿಡಿದು ತೊಟ್ಟಿಯನ್ನು ತಳದವರೆಗೆ ಹೀರಿಬಿಡುತ್ತದೆ.

ಗುಳುಗುಳು ಏಕೆ?

ಕೋಡಿ ಪೈಪು ಕೆಲವು ಸಲ ಗುಳುಗುಳು ಎಂದು ಗೊರಕೆ ಹೊಡೆಯುತ್ತದೆ. ತೊಟ್ಟಿಯ ಮಟ್ಟವೂ ಉಸಿರಾಡುವಂತೆ ಏರಿಳಿಯುತ್ತದೆ. ತುಂಬಿದ ಸೀಸೆಯನ್ನು ಬೋರಲು ಹಿಡಿದರೆ ಆಗುವುದೂ ಇದೇ. ಒಂದೇ ಕತ್ತಿನಲ್ಲಿ ನೀರು ಹೊರಗೆ, ಗಾಳಿ ಒಳಗೆ. ಒಂದಕ್ಕೊಂದು ದಾರಿ ಬಿಡುವುದಿಲ್ಲ.

ಗಾಳಿಗೆ ಬೇರೆ ದಾರಿ ಕೊಟ್ಟರೆ ಜಗಳ ಮುಗಿಯುತ್ತದೆ. ಕೋಡಿಯ ಬಾಯಿಂದ ಒಳಕ್ಕೆ ಒಂದು ಸಪೂರ ನಳಿಗೆ ಇಳಿಬಿಟ್ಟು, ಅದರ ಮೇಲ್ತುದಿ ನೀರಿನಿಂದ ಮೇಲಿರುವಂತೆ ಕಟ್ಟಿ. ಕೆಳಗಿನ ತುದಿಯನ್ನೂ ನೋಡಿ. ಕೋಡಿ ಪೈಪಿನ ಕೊನೆ ಡ್ರಮ್ಮಿನ ನೀರಿನಲ್ಲಿ ಆಳಕ್ಕೆ ಮುಳುಗಿದ್ದರೆ ಒಳಗಿನ ಗಾಳಿ ಹೊರಬರಲಾರದೆ ಮತ್ತೆ ಅದೇ ಗೊರಕೆ. ಹೊಲದಲ್ಲಿ ಶಬ್ದದಿಂದ ಯಾರಿಗೂ ತೊಂದರೆ ಇಲ್ಲ ಅನ್ನಿ. ಆದರೆ ಏರಿಳಿಯುವ ಮಟ್ಟ ನಮ್ಮ ಲೆಕ್ಕವನ್ನು ಕೆಡಿಸುತ್ತದೆ.

ಏರು ಪೈಪು ಹಿಂದಕ್ಕೆ ಹೀರಿದಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಕ್ಕದ ಊರಿನ ಗೆಳೆಯರೊಬ್ಬರು ಒಂದು ಬೆಳಗ್ಗೆ ಹೇಳಿ ಕಳಿಸಿದರು. ಹೋಗಿ ನೋಡಿದರೆ ಸಂಪಿನ ಸುತ್ತ ಹಿಪ್ಪುನೇರಳೆ ಸಾಲಿನಲ್ಲಿ ಕೆಸರು. ಮೀನಿನ ತೊಟ್ಟಿಯಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ ನೀರು, ಮೀನೆಲ್ಲ ಬಾಯಿ ಮೇಲೆ ಮಾಡಿ ತೇಲುತ್ತಿದ್ದವು. ಕೆಲವು ಆಗಲೇ ಹೊಟ್ಟೆ ತಿರುವಿದ್ದವು.

"ಪೈಪು ಒಡ್ದಿಲ್ಲ, ತೊಟ್ಟಿ ಸೀಳಿಲ್ಲ. ನೀರು ಎಲ್ಲಿಗೋಯ್ತು ಕಣಣ್ಣ?" ಅಂದರು ಅವರು.

ನೀರು ಬಂದ ದಾರಿಯಲ್ಲೇ ಹೋಗಿತ್ತು. ನೀರು ದುಂಡಗೆ ತಿರುಗಲಿ ಎಂದು ಏರು ಪೈಪಿನ ಬಾಯನ್ನು ಮಟ್ಟದಿಂದ ಒಂದೂವರೆ ಅಡಿ ಕೆಳಗೆ ಇಳಿಸಿದ್ದರು. ರಾತ್ರಿ ಕರೆಂಟು ಹೋಗಿ ಪಂಪು ನಿಂತಿತು. ಮೇಲಿನ ತೊಟ್ಟಿಯಲ್ಲಿ ಮುಳುಗಿದ ಬಾಯಿ, ಕೆಳಗಿನ ಸಂಪಿನಲ್ಲಿ ಮುಳುಗಿದ ಪಂಪು, ನಡುವೆ ತುಂಬಿದ ಪೈಪು. ಇದಕ್ಕಿಂತ ಒಳ್ಳೆಯ ಸೈಫನ್ ಯಾರೂ ಮಾಡಲಾರರು. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೆ ನೀರು ಇಳಿಯುತ್ತಲೇ ಇತ್ತು. ಅವರದೂ ಹತ್ತಡಿ ವ್ಯಾಸದ ತೊಟ್ಟಿ. 18 ಇಂಚು ಅಂದರೆ 3,330 ಲೀಟರು. ಸಂಪು ಹಿಡಿಯುವುದು ಸಾವಿರ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮೊದಲೇ ತುಂಬಿತ್ತು. ಮಿಕ್ಕಿದ್ದೆಲ್ಲ ಮಣ್ಣಿಗೆ. ಬೋರ್‌ವೆಲ್ ನೀರನ್ನೇ ನಂಬಿದ ನಮ್ಮಂಥವರಿಗೆ ಇದು ಸಣ್ಣ ನಷ್ಟವಲ್ಲ. ಉಳಿದ ನೀರಿನಲ್ಲಿ ಅಷ್ಟೂ ಮೀನು ಒತ್ತೊತ್ತಾಗಿ ಉಸಿರಿಗೆ ಒದ್ದಾಡಿದವು.

ಇದಕ್ಕೆ ಮದ್ದು ಎರಡು. ಒಂದು, ಏರು ಪೈಪಿನ ಬಾಯನ್ನು ನೀರಿನಿಂದ ಮೇಲೇ ಇಡುವುದು. ಅರ್ಧ ಅಡಿ ಎತ್ತರದಿಂದ ನೀರು ಧುಮುಕಿದರೆ ಸೈಫನ್ನಿನ ಮಾತೇ ಇಲ್ಲ, ಜೊತೆಗೆ ಗಾಳಿಯೂ ಬೆರೆಯುತ್ತದೆ. ಅರ್ಧ ಅಡಿ ಹೆಚ್ಚು ಎತ್ತುವ ಖರ್ಚು ಲೆಕ್ಕಕ್ಕೆ ಬರುವಷ್ಟಿಲ್ಲ. ನಮ್ಮಂಥ ರೈತರಿಗೆ ಇದೇ ಉತ್ತಮ.

ನೀರು ದುಂಡಗೆ ತಿರುಗಿಸಲು ಬಾಯಿ ಮುಳುಗಿಯೇ ಇರಬೇಕು ಎನ್ನುವವರಿಗೆ ಎರಡನೆಯದು, ಉಸಿರು ತೂತು. ಪೈಪು ನೀರಿಗೆ ಇಳಿಯುವ ಕಡೆ, ಕೋಡಿಯ ಬಾಯಿಯ ಮಟ್ಟಕ್ಕಿಂತ ಕಾಲಿಂಚು ಕೆಳಗೆ ಪೈಪಿಗೆ ತೂತು ಕೊರೆಯಿರಿ. ಪಂಪು ಓಡುವಾಗ ಅದು ನೀರಿನೊಳಗೇ ಇರುತ್ತದೆ, ಹೊರಗೆ ಚಿಮ್ಮುವುದಿಲ್ಲ. ಪಂಪು ನಿಂತು ಮಟ್ಟ ಸ್ವಲ್ಪ ಇಳಿದೊಡನೆ ತೂತು ಗಾಳಿಗೆ ತೆರೆದುಕೊಳ್ಳುತ್ತದೆ, ಗಾಳಿ ಒಳಹೊಕ್ಕು ಸೈಫನ್ ಕಡಿಯುತ್ತದೆ. ಒಂದಿಂಚಿನ ಪೈಪಿಗೆ ಕಾಲಿಂಚಿನ ಎರಡು ತೂತು ಇರಲಿ. ಒಂದನ್ನು ಪಾಚಿಯೋ ಬಸವನಹುಳುವೋ ಮುಚ್ಚಿದರೆ ಇನ್ನೊಂದು ಕಾಯುತ್ತದೆ. ವಾರಕ್ಕೊಮ್ಮೆ ಕಡ್ಡಿ ಆಡಿಸಿ ನೋಡಬೇಕು. ಆ ಗೆಳೆಯರು ಅಂದೇ ಡ್ರಿಲ್ ತಂದು ಕೊರೆದರು. ಖರ್ಚು ಏನೂ ಇಲ್ಲ.

ಚೆಕ್ ವಾಲ್ವ್ ಹಾಕಿದರೆ ಸಾಲದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಬಾವಿಯ ಫುಟ್ ವಾಲ್ವ್ ನೋಡಿದವರಿಗೆ ಉತ್ತರ ಗೊತ್ತಿದೆ. ಹೊಸದರಲ್ಲಿ ಗಟ್ಟಿ ಹಿಡಿಯುತ್ತದೆ. ಒಂದು ಕಡ್ಡಿ, ಒಂದು ಮರಳ ಕಾಳು ಸಿಕ್ಕಿದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಮೀನಿನ ನೀರಿನಲ್ಲಿ ಲೋಳೆ, ಗಸಿ, ಹುಳು ಎಲ್ಲ ಇರುತ್ತವೆ. ಹಾಕುವುದಾದರೆ ಹಾಕಿ, ಯೂನಿಯನ್ ಜೋಡಿಸಿ ಬಿಚ್ಚಿ ತೊಳೆಯುವ ಹಾಗಿರಲಿ. ಆದರೆ ಲೆಕ್ಕ ಮಾಡುವಾಗ ಅದು ಇಲ್ಲವೆಂದೇ ಲೆಕ್ಕ ಮಾಡಿ. ಗಾಳಿಯ ತೂತಿನಲ್ಲಿ ಸವೆಯುವ ಭಾಗ ಒಂದೂ ಇಲ್ಲ.

ಎರಡೂ ಕಡೆಯ ಲೆಕ್ಕ

ಮೊದಲ ಪ್ರಶ್ನೆ, ಕರೆಂಟು ಹೋದಾಗ ಕೆಳಗೆ ಬರುವ ನೀರು. ನಮ್ಮ ತೊಟ್ಟಿಯಲ್ಲಿ ಓಡುವಾಗಿನ ಮಟ್ಟ ಕೋಡಿಯ ಬಾಯಿಗಿಂತ ಮುಕ್ಕಾಲು ಇಂಚು ಮೇಲೆ. ಉಸಿರು ತೂತು ಬಾಯಿಗಿಂತ ಕಾಲಿಂಚು ಕೆಳಗೆ. ಒಟ್ಟು ಒಂದಿಂಚು, 185 ಲೀಟರು. ದಾರಿಯ ಡ್ರಮ್ಮು, ಜಲ್ಲಿ ಮಡಿ, ಪೈಪುಗಳಿಂದ ಇಳಿಯುವುದು ಇನ್ನೊಂದು 50 ಲೀಟರು. ಸುಮಾರು 235 ಲೀಟರು ಸಂಪಿಗೆ ಬರುತ್ತದೆ. ಓಡುವಾಗ ಸಂಪಿನಲ್ಲಿ 600 ಲೀಟರು ಇಟ್ಟರೆ ಖಾಲಿ ಜಾಗ 400. ಸುಲಭವಾಗಿ ಹಿಡಿಸುತ್ತದೆ. ಸಂಪಿನ ಒಳಗೋಡೆಗೆ 600ರ ಕಡೆ ಒಂದು ಬಣ್ಣದ ಗೆರೆ ಎಳೆದಿದ್ದೇನೆ. ಓಡುವಾಗ ಗೆರೆ ಮೀರಿ ತುಂಬಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಎರಡನೆಯ ಪ್ರಶ್ನೆ, ಕೋಡಿ ಕಟ್ಟಿಕೊಂಡರೆ? ಪಂಪು ಎತ್ತುತ್ತಲೇ ಇರುತ್ತದೆ. ಸಂಪಿನ 600 ಲೀಟರೂ ಮೇಲೆ ಹೋದರೂ ತೊಟ್ಟಿಯಲ್ಲಿ ಏರುವುದು ಮೂರೂಕಾಲು ಇಂಚು. ಮಟ್ಟದಿಂದ ಗೋಡೆಯ ತುದಿಗೆ ಐದೂಕಾಲು ಇಂಚು ಇದೆ. ನೀರು ಹೊರಚೆಲ್ಲದು, ಮೀನೂ ಹೊರಗೆ ಬೀಳದು. ಆದರೆ ಪಂಪು ಒಣಗಿ ಓಡಿ ಸುಟ್ಟುಹೋಗಬಹುದು.

ಅದಕ್ಕಾಗಿ ಆಪತ್ತಿನ ಕೋಡಿ. ಮೊದಲ ಕೋಡಿಯ ಬಾಯಿಗಿಂತ ಎರಡಿಂಚು ಮೇಲೆ ಗೋಡೆಯಲ್ಲಿ ಇನ್ನೊಂದು ಎರಡಿಂಚಿನ ಪೈಪು, ಡ್ರಮ್ಮು ಮಡಿ ಏನೂ ಇಲ್ಲದೆ ನೇರ ಸಂಪಿಗೆ. ನೀರು ಒಂದೂಕಾಲು ಇಂಚು ಏರಿದರೆ, ಅಂದರೆ ಸುಮಾರು 230 ಲೀಟರು ಮೇಲೆ ಹೋದರೆ, ಅಲ್ಲಿಂದ ಬೀಳಲು ಸುರುವಾಗುತ್ತದೆ. ಸಂಪಿನಲ್ಲಿ ಇನ್ನೂ 370 ಉಳಿದಿರುತ್ತದೆ. ಈ ಪೈಪು ವರ್ಷವೆಲ್ಲ ಒಣಗಿಯೇ ಇರಬೇಕು. ಅದರಲ್ಲಿ ನೀರು ಸುರಿಯುವ ಶಬ್ದ ಕೇಳಿದರೆ ಕೋಡಿಗೆ ಏನೋ ಸಿಕ್ಕಿದೆ ಎಂದೇ ಅರ್ಥ.

ಮಳೆಯ ಲೆಕ್ಕವನ್ನೂ ಮರೆಯಬೇಡಿ. ಎರಡಿಂಚು ಮಳೆ ಬಿದ್ದರೆ ತೆರೆದ ತೊಟ್ಟಿಗೆ 370 ಲೀಟರು ಹೊಸ ನೀರು ಬಂದ ಹಾಗೆ. ಅದಕ್ಕೆ ಸಂಪಿಗೂ ಒಂದು ಕೋಡಿ ಇರಲಿ. ನಮ್ಮ ಸಂಪಿನ ಕೋಡಿ ಬೀಳುವುದು ಬಾಳೆಯ ಬುಡಕ್ಕೆ.

ತೂತು ಕೊರೆಯುವಾಗ

ಸಿಮೆಂಟು ತೊಟ್ಟಿಗೆ ಪೈಪುಗಳನ್ನು ಕಟ್ಟುವಾಗಲೇ ಇಡಬೇಕು. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ, ಕಾಲಕ್ರಮೇಣ ಸುತ್ತ ಜಿನುಗುತ್ತದೆ. ಗೋಡೆಯೊಳಗೆ ಹೋಗುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಸಾಲ್ವೆಂಟ್ ಸವರಿ, ಹಸಿಯಿರುವಾಗಲೇ ಒಣಮರಳು ಉದುರಿಸಿ ಒಣಗಿಸಿ. ಮೈ ಒರಟಾಗಿ ಸಿಮೆಂಟು ಕಚ್ಚಿ ಹಿಡಿಯುತ್ತದೆ.

ಪ್ಲಾಸ್ಟಿಕ್ ಡ್ರಮ್ಮಿಗೆ ವೃತ್ತಾಕಾರದ ಗರಗಸದಿಂದ ತೂತು ತೆಗೆದು ಟ್ಯಾಂಕ್ ನಿಪ್ಪಲ್ ಕೂರಿಸಬೇಕು. ಆದಷ್ಟು ಚಪ್ಪಟೆ ಇರುವ ಜಾಗ ಆರಿಸಿ. ರಬ್ಬರ್ ವಾಷರು ನೀರಿರುವ ಒಳಮಗ್ಗುಲಲ್ಲಿ ಬರಬೇಕು. ಅತಿಯಾಗಿ ಬಿಗಿದರೆ ವಾಷರು ಹಿಸುಕಿ ಹೊರಬಂದು ಅಲ್ಲೇ ಸೋರುತ್ತದೆ.

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರಿಗೊಂದು ಮಾತು. ಗಾಜಿಗೆ ವಜ್ರದ ಪುಡಿ ಲೇಪಿಸಿದ ಬಿಟ್ಟೇ ಬೇಕು. ನೀರು ಹನಿಸುತ್ತಾ, ಒತ್ತದೆ, ನಿಧಾನಕ್ಕೆ ಕೊರೆಯಬೇಕು. ತೂತು ಅಂಚಿನಿಂದ ಕನಿಷ್ಠ ತನ್ನ ವ್ಯಾಸದಷ್ಟಾದರೂ ದೂರ ಇರಲಿ. ಟಫನ್ಡ್ ಗಾಜನ್ನು ಮಾತ್ರ ಮುಟ್ಟಬೇಡಿ, ಬಿಟ್ಟು ತಾಗಿದೊಡನೆ ಪೂರ್ತಿ ಪುಡಿಯಾಗುತ್ತದೆ.

ಸೈಫನ್ನಿನಿಂದ ದುಡಿಸಿಕೊಂಡವರು

ಸೈಫನ್ನನ್ನು ಬರೀ ಶತ್ರು ಎಂದುಕೊಳ್ಳಬೇಕಾಗಿಲ್ಲ. ಅಂಚಿನ ಮೇಲೆ ದಾಟುವ ನೀರಿಗಿಂತ ಪೂರ್ತಿ ತುಂಬಿದ ಪೈಪಿನಲ್ಲಿ ಇಳಿಯುವ ನೀರು ಎಷ್ಟೋ ಪಟ್ಟು ಹೆಚ್ಚು. ಮೈಸೂರು ಸಂಸ್ಥಾನದ ಎಂಜಿನಿಯರುಗಳು ಇದನ್ನು ಅಣೆಕಟ್ಟೆಗೇ ಅಳವಡಿಸಿದರು. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿ ಸುರುವಾಗುವ ಸೈಫನ್ ಕೋಡಿಗಳಿವೆ. ಎಂಜಿನಿಯರ್ ಗಣೇಶ ಅಯ್ಯರ್ ಇನ್ನೊಂದು ಬಗೆಯನ್ನು ರೂಪಿಸಿದರು. ಶರಾವತಿಗೆ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಅದನ್ನು ಕೂರಿಸಿದ್ದರು. ನೀರು ಅಂಚು ದಾಟುವಾಗ ಸುರುಳಿಯಾಗಿ ತಿರುಗಿ ಒಳಗಿನ ಗಾಳಿಯನ್ನು ಹೊತ್ತೊಯ್ಯುತ್ತದೆ, ಕೊಳವೆ ತುಂಬಿ ಭೋರೆಂದು ಹರಿಯುತ್ತದೆ. ಮಟ್ಟ ಇಳಿದಾಗ ನಿಲ್ಲಿಸುವುದು ಹೇಗೆ? ಅಲ್ಲಿಯೂ ಗಾಳಿಯನ್ನು ಒಳಬಿಟ್ಟೇ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಕಟ್ಟೆ ಮುಳುಗಿತು. ಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ದುಂಡು ಕೊಳವೆಬಾಯಿಗಳು ಈಗಲೂ ಕಾಣುತ್ತವೆ.

ನಗರಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿಟ್ಟು ಸಮುದ್ರದ ಹವಳ ಸಾಕುವವರೂ ಇದೇ ಸೂತ್ರ ಬಳಸುತ್ತಾರೆ. ಅವರು ಗಂಟೆಗೆ ಹಲವು ಸಲ ನೀರು ಸುತ್ತಿಸಬೇಕು, ಮನೆಯೊಳಗೆ ಸದ್ದೂ ಆಗಬಾರದು. ಅದಕ್ಕೆ ಮೂರು ಕೋಡಿ ಪೈಪು. ಒಂದು ಪೂರ್ತಿ ತುಂಬಿ ಸೈಫನ್ನಾಗಿ ಹರಿಯುತ್ತದೆ, ಅದರ ವೇಗವನ್ನು ವಾಲ್ವಿನಿಂದ ಹದ ಮಾಡುತ್ತಾರೆ. ಎರಡನೆಯದರಲ್ಲಿ ಮಿಕ್ಕ ನೀರು ತೆಳ್ಳಗೆ ಇಳಿಯುತ್ತದೆ. ಮೂರನೆಯದು ಆಪತ್ತಿಗೆಂದು ಒಣಗಿ ನಿಂತಿರುತ್ತದೆ. ವಾಲ್ವ್ ಇರುವ ಪೈಪು ಒಂದು ಸಣ್ಣ ಕಸಕ್ಕೂ ಕಟ್ಟಿಕೊಳ್ಳುತ್ತದೆ ಎಂದೇ ಉಳಿದೆರಡು. ನಮ್ಮ ಹೊಲದ ತೊಟ್ಟಿಗೆ ವಾಲ್ವಿಲ್ಲದ ದಪ್ಪ ಕೋಡಿ ಒಂದು, ಆಪತ್ತಿನದು ಒಂದು, ಇಷ್ಟು ಸಾಕು.

ಮೀನಿಲ್ಲದವರಿಗೂ ಇದು ಬೇಕು

ಹನಿ ನೀರಾವರಿಗೆ ಗೊಬ್ಬರ ಕರಗಿಸುವ ತೊಟ್ಟಿ ಇಟ್ಟವರು ತಮ್ಮ ಪೈಪನ್ನೂ ಒಮ್ಮೆ ನೋಡಿ. ಬೋರ್‌ವೆಲ್ ಪೈಪಿನ ಬಾಯಿ ಆ ತೊಟ್ಟಿಯ ನೀರಿನಲ್ಲಿ ಮುಳುಗಿದ್ದು ಕರೆಂಟು ಹೋದರೆ, ಗೊಬ್ಬರದ ನೀರು ಕೊಳವೆಬಾವಿಗೇ ಇಳಿಯಬಹುದು. ಮೋಟಾರಿನ ವಾಲ್ವ್ ತಡೆದೀತು, ಆದರೆ ಅದೂ ಹಳತಾಗುತ್ತದೆ. ಮನೆಮಂದಿ ಕುಡಿಯುವುದು ಅದೇ ಬಾವಿಯ ನೀರಾದರೆ? ಬಾಯನ್ನು ನೀರಿನಿಂದ ನಾಲ್ಕು ಬೆರಳು ಮೇಲೆತ್ತಿ ಕಟ್ಟಿ. ಕಳೆನಾಶಕ, ಕೀಟನಾಶಕ ಕಲಸುವ ಡ್ರಮ್ಮಿಗೆ ನೀರು ಹಿಡಿಯುವಾಗಲೂ ಇದೇ ನಿಯಮ.

ಕರೆಂಟು ಇಲ್ಲದಾಗ ಉಸಿರು

ಪೈಪು ಎಷ್ಟೇ ಸರಿಯಿದ್ದರೂ ನೀರು ಸುತ್ತುವುದು ನಿಂತರೆ ಮೀನಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಜಲ್ಲಿಯ ಬ್ಯಾಕ್ಟೀರಿಯಾಕ್ಕೂ ಅಷ್ಟೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಡಮಾಡಬಾರದು. ಇದಕ್ಕೆ ದೊಡ್ಡ ಮೋಟಾರು ಬೇಕಿಲ್ಲ. ಗಂಟೆಗೆ 3,000 ಲೀಟರನ್ನು ಆರಡಿ ಎತ್ತಲು 60-70 ವ್ಯಾಟಿನ ಸಣ್ಣ ಪಂಪು ಸಾಕಾಗುತ್ತದೆ. ಮನೆಯ ಇನ್ವರ್ಟರ್ ಅಷ್ಟನ್ನು ಎಳೆಯುತ್ತದೆ. ತ್ರೀ ಫೇಸ್ ಪಾಳಿಗೆ ಕಾಯುವ ಬೋರ್‌ವೆಲ್ ಮೋಟಾರನ್ನೇ ಮೀನಿಗೂ ನಂಬುವುದು ಬೇಡ.

ಮೀನು ಬಿಡುವ ಮೊದಲು

ತೊಟ್ಟಿ ತುಂಬಿಸಿ ಒಂದು ದಿನ ಬರೀ ನೀರು ಸುತ್ತಿಸಿ. ಓಡುವಾಗಿನ ಮಟ್ಟಕ್ಕೆ ತೊಟ್ಟಿಯಲ್ಲೂ ಸಂಪಿನಲ್ಲೂ ಇದ್ದಿಲಿನಿಂದ ಗೆರೆ ಎಳೆಯಿರಿ. ನಂತರ ನೀವೇ ಸ್ವಿಚ್ಚು ಆರಿಸಿ ಅರ್ಧ ಗಂಟೆ ಬಿಡಿ. ತೊಟ್ಟಿ ಎಷ್ಟು ಇಳಿಯಿತು, ಸಂಪು ಎಷ್ಟು ಏರಿತು, ಇಳಿಯುವುದು ತಾನಾಗಿ ನಿಂತಿತೇ ನೋಡಿ. ಮತ್ತೆ ಪಂಪು ಹಾಕಿ, ಕೋಡಿಯ ಬಾಯಿಗೆ ಹಳೆ ಬಟ್ಟೆ ತುರುಕಿ, ಆಪತ್ತಿನ ಕೋಡಿ ಕೆಲಸ ಮಾಡುವವರೆಗೆ ಅಲ್ಲೇ ನಿಂತಿರಿ. ಮೂರು ಸಲ ಹೀಗೆ ಮಾಡಿ. ಮೂರು ಸಲವೂ ಒಂದು ಬಿಂದಿಗೆ ನೀರೂ ಹೊರಚೆಲ್ಲದಿದ್ದರೆ ಮರಿ ತರಲು ಹೊರಡಬಹುದು. ಆಮೇಲೂ ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ನಾವು ಎದುರಿಗಿರುವಾಗಲೇ ಸ್ವಿಚ್ಚು ಆರಿಸಿ ನೋಡುವುದು ಒಳ್ಳೆಯ ರೂಢಿ.